ಒಂದು ಸೆಮಿಕೋಲನ್, 1890 ಫ್ರೇಮ್: ಟೈಮ್‌ಕೋಡ್ ಇದ್ದೂ ಸಿಂಕ್ ಆಗದ ಮೂರು ಕ್ಯಾಮೆರಾಗಳ ಕೇಸು

ಗೆಳೆಯನೊಬ್ಬ ಡ್ಯಾನ್ಸ್ ಪ್ರೋಗ್ರಾಮ್ ಶೂಟ್ ಮಾಡಿದ್ದ, ಮೂರು ಕ್ಯಾಮೆರಾ, ಒಂದು ಸೌಂಡ್ ರೆಕಾರ್ಡರ್, ಎಲ್ಲಕ್ಕೂ ಟೈಮ್‌ಕೋಡ್ (ವೀಡಿಯೋದ ಒಂದೊಂದು ಚಿತ್ರಕ್ಕೂ, ಅಂದ್ರೆ ಫ್ರೇಮಿಗೂ, ಗಂಟೆ:ನಿಮಿಷ:ಸೆಕೆಂಡ್:ಫ್ರೇಮ್ ಅಂತ ಹಾಕೋ ನಂಬರು) ಕೊಟ್ಟಿದ್ದೀನಿ ಎಡಿಟ್ ಎರಡೇ ದಿನದ ಕೆಲಸ ಅಂತ ಹೇಳ್ಕೊಂಡು ಓಡಾಡ್ತಿದ್ದ. ಮೂರನೇ ದಿನ ರಾತ್ರಿ ಫೋನು. "ಮಾರಾಯ, ಎ ಕ್ಯಾಮೆರಾದಿಂದ ಬಿ ಕ್ಯಾಮೆರಾಗೆ ಕಟ್ ಮಾಡಿದ್ರೆ ಡ್ಯಾನ್ಸರ್ ಸ್ಟೇಜಿನ ಈ ತುದಿಯಿಂದ ಆ ತುದಿಗೆ ಹಾರಿರ್ತಾಳೆ, ಮಧ್ಯ ಮೂರ್ನಾಲ್ಕು ಸೆಕೆಂಡು ಎಲ್ಲೋಯ್ತೋ ಗೊತ್ತಿಲ್ಲ."

ಕೈಯಲ್ಲಿ ತಳ್ಳಿ ಸಿಂಕ್ ಮಾಡು ಅಂದೆ. ಮಾಡಿದ್ನಂತೆ, ಮೊದಲ ಕ್ಲಿಪ್ ಸರಿ ಹೋಯ್ತು, ಅಷ್ಟೇ ಫ್ರೇಮು ಎರಡನೇ ಕ್ಲಿಪ್ಪನ್ನೂ ತಳ್ಳಿದ್ರೆ ಅದು ಕೂರಲಿಲ್ಲ, ಮೂರನೇದು ಇನ್ನೂ ದೂರ. ತಲೆ ಕೆಟ್ಟು ಬೇರೆ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಅದೇ ಕ್ಲಿಪ್ ಹಾಕಿ ಟೈಮ್‌ಕೋಡ್ ಸಿಂಕ್ ಒತ್ತಿದ್ದಾನೆ, ಅಲ್ಲಿ ಬಿ ಕ್ಯಾಮೆರಾ ಒಂದು ನಿಮಿಷಕ್ಕಿಂತ ಜಾಸ್ತಿ ಹಿಂದೆ ಹೋಗಿ ಕೂತಿದೆ. ಒಂದು ಸಾಫ್ಟ್‌ವೇರಲ್ಲಿ ಬಿ ಮುಂದೆ ಓಡತ್ತೆ, ಇನ್ನೊಂದರಲ್ಲಿ ಹಿಂದೆ ಉಳಿಯತ್ತೆ, ಕ್ಲಿಪ್ ಅವೇ, ಟೈಮ್‌ಕೋಡ್ ಅದೇ. ನಿಜ ಹೇಳ್ಬೇಕಂದ್ರೆ ಈ ಎರಡನೇ ವಿಷ್ಯ ಕೇಳಿದ ಮೇಲೆನೇ ನಂಗೆ ಕೇಸಲ್ಲಿ ಆಸಕ್ತಿ ಬಂದಿದ್ದು, ಅಲ್ಲಿವರೆಗೂ ಇವನೇ ಏನೋ ಎಡವಟ್ಟು ಮಾಡ್ಕೊಂಡಿದ್ದಾನೆ ಅನ್ಕೊಂಡಿದ್ದೆ.

ಮೊದ್ಲು ಸೆಟಪ್ ಹೇಳ್ಬಿಡ್ತೀನಿ. ಎಲ್ಲವೂ 29.97 ಫ್ರೇಮ್ ರೇಟು, ಅಂದ್ರೆ ಸೆಕೆಂಡಿಗೆ ಅಷ್ಟು ಫ್ರೇಮು. ಸಂಜೆ 5:30ಕ್ಕೆ ಟೈಮ್‌ಕೋಡ್ ಬಾಕ್ಸಿಂದ ಎ ಕ್ಯಾಮೆರಾಗೆ, ಸೌಂಡ್ ರೆಕಾರ್ಡರಿಗೆ, ಬಿ ಕ್ಯಾಮೆರಾಗೆ ಒಂದಾದ್ಮೇಲೊಂದು ಕೇಬಲ್ ಚುಚ್ಚಿ ಜಾಮ್ ಸಿಂಕ್ ಮಾಡಿದ್ದ. ಜಾಮ್ ಅಂದ್ರೆ ಬಾಕ್ಸ್ ಹೇಳಿದ ನಂಬರನ್ನ ಕ್ಯಾಮೆರಾ ಒಂದು ಸಲ ಕೇಳಿಸ್ಕೊಂಡು ಅಲ್ಲಿಂದ ಮುಂದೆ ತನ್ನ ಪಾಡಿಗೆ ತಾನು ಎಣಿಸ್ಕೊಂಡು ಹೋಗೋದು, ಫ್ರೀ ರನ್ ಮೋಡಲ್ಲಿದ್ರೆ ರೆಕಾರ್ಡ್ ಬಟನ್ ಒತ್ತಿರ್ಲಿ ಬಿಡ್ಲಿ ಎಣಿಕೆ ನಿಲ್ಲಲ್ಲ. ಸಿ ಕ್ಯಾಮೆರಾ ಚಿಕ್ಕ ಮಿರರ್‌ಲೆಸ್ಸು, ಟೈಮ್‌ಕೋಡ್ ಸಾಕೆಟ್ಟೇ ಇಲ್ಲ, ಅದರ ಮೈಕ್ ಇನ್‌ಪುಟ್ಟಿಗೆ ಇನ್ನೊಂದು ಬಾಕ್ಸ್ ಕಟ್ಟಿ ಟೈಮ್‌ಕೋಡನ್ನ ಆಡಿಯೋ ಥರ ರೆಕಾರ್ಡ್ ಮಾಡಿದ್ದ. ಬಿ ಕ್ಯಾಮೆರಾ ಹಾಲಿನ ಕೊನೇಲಿ, ಸ್ಟೇಜಿಂದ ಸುಮಾರು 35 ಮೀಟರ್ ದೂರ, ಮೂರು ಕ್ಲಿಪ್: 6:30, 7:10, 7:50ರ ಹತ್ತತ್ರ ಶುರು ಆಗಿದ್ದು, ಒಂದೊಂದೂ ಸ್ಟೇಜಲ್ಲಿ ಲೈಟ್ ಬರೋಕೆ ಸ್ವಲ್ಪ ಮುಂಚೆ ಆನ್ ಮಾಡಿದ್ದು.

ಅವನ ಅನುಮಾನ "ಬಿ ಕ್ಯಾಮೆರಾ ಗಡಿಯಾರ ನಿಧಾನ ಓಡ್ತಿದೆ, ಡ್ರಿಫ್ಟು" ಅಂತ. ಕೇಳೋಕೆ ಸರಿ ಅನ್ಸತ್ತೆ, ಹೊತ್ತು ಹೋದ ಹಾಗೆ ಅಂತರ ಬೆಳೀತಿದೆಯಲ್ಲ. ಆದ್ರೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಒಂದು ಕ್ಲಿಪ್ಪನ್ನ ಶುರುವಿನಲ್ಲಿ ಕೈಯಾರೆ ಸರಿಯಾಗಿ ಕೂರಿಸಿದ್ರೆ ಅದರ ಕೊನೇವರೆಗೂ ಸಿಂಕ್ ಇರತ್ತಾ? ಇರತ್ತೆ ಅಂದ, ಅರ್ಧ ಗಂಟೆ ಕ್ಲಿಪ್ ಪೂರ್ತಿ ಕಚ್ಕೊಂಡು ಹೋಗತ್ತೆ. ಹಾಗಾದ್ರೆ ಡ್ರಿಫ್ಟಲ್ಲ. ಡ್ರಿಫ್ಟ್ ಆಗಿದ್ರೆ ಕ್ಲಿಪ್ ಒಳಗೇನೇ ಜಾರ್ಬೇಕಿತ್ತು. ಇನ್ನೊಂದು, ಗಂಟೆಗೆ ಮೂರೂವರೆ ಸೆಕೆಂಡು ಅಂದ್ರೆ ಸಾವಿರಕ್ಕೆ ಒಂದು ಪಾಲು ತಪ್ಪು, ಹತ್ತು ಲಕ್ಷಕ್ಕೆ ಸಾವಿರ. ಕ್ಯಾಮೆರಾ ಒಳಗಿನ ಗಡಿಯಾರ ನಡೆಸೋ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಹತ್ತು ತಪ್ಪಿದ್ರೂ ಗಂಟೆಗೆ 36 ಮಿಲಿಸೆಕೆಂಡ್ ಆಗತ್ತೆ ಅಷ್ಟೇ, 29.97ರಲ್ಲಿ ಒಂದು ಫ್ರೇಮ್ 33 ಮಿಲಿಸೆಕೆಂಡ್ ಚಿಲ್ಲರೆ, ಅಂದ್ರೆ ಗಂಟೆಗೆ ಒಂದು ಫ್ರೇಮು. ನೂರಕ್ಕಿಂತ ಜಾಸ್ತಿ ಫ್ರೇಮ್ ತಪ್ಪೋ ಅಷ್ಟು ಕೆಟ್ಟ ಕ್ರಿಸ್ಟಲ್ ಇರೋ ಕ್ಯಾಮೆರಾ ಆನೇ ಆಗಲ್ಲ ಬಹುಶಃ.

ಅಷ್ಟರಲ್ಲಿ ಅವನು ವೇವ್‌ಫಾರ್ಮ್ ಸಿಂಕೂ ಮಾಡಿ ನೋಡಿದ್ದ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು ಯಾಕಂದ್ರೆ ತುಂಬಾ ಜನ "ಟೈಮ್‌ಕೋಡ್ ಯಾಕೆ, ಆಡಿಯೋ ಮ್ಯಾಚ್ ಮಾಡಿದ್ರೆ ಆಯ್ತಲ್ಲ" ಅಂತಾರೆ. ಆಡಿಯೋ ಮ್ಯಾಚ್ ಆಯ್ತು, ನಿಜ. ಆದ್ರೆ ಶಬ್ದ ಸೆಕೆಂಡಿಗೆ 343 ಮೀಟರ್ ಹತ್ತತ್ರ ಹೋಗತ್ತೆ, ಒಂದು ಫ್ರೇಮ್ ಟೈಮಲ್ಲಿ ಹನ್ನೊಂದು ಹನ್ನೊಂದೂವರೆ ಮೀಟರು. 35 ಮೀಟರ್ ದೂರದ ಬಿ ಕ್ಯಾಮೆರಾ ಮೈಕಿಗೆ ಸ್ಟೇಜಿನ ಶಬ್ದ ಮೂರು ಫ್ರೇಮ್ ತಡವಾಗಿ ಮುಟ್ಟಿರತ್ತೆ, ರೆಕಾರ್ಡರ್ ಮೈಕು ಸ್ಟೇಜ್ ಮೇಲೇ ಇದೆ. ಎರಡರ ಶಬ್ದ ಒಂದರ ಮೇಲೊಂದು ಕೂರಿಸಿದ್ರೆ ಬಿ ಕ್ಯಾಮೆರಾದ ಚಿತ್ರ ಮೂರು ಫ್ರೇಮ್ ಬೇಗ ಬರತ್ತೆ. ಬಿ ಕ್ಯಾಮೆರಾದಿಂದ ಎ ಕ್ಯಾಮೆರಾಗೆ ಸರಿಯಾಗಿ ಬೀಟ್ ಮೇಲೆ ಕಟ್ ಮಾಡಿದ್ರೆ ಡ್ಯಾನ್ಸರ್ ಕಾಲು ಎರಡು ಸಲ ನೆಲಕ್ಕೆ ಬೀಳತ್ತೆ. ಮಾತಾಡೋ ವೀಡಿಯೋದಲ್ಲಿ ಯಾರೂ ಗಮನಿಸಲ್ಲ, ಡ್ಯಾನ್ಸಲ್ಲಿ ಗೊತ್ತಾಗೇ ಆಗತ್ತೆ. ಜೊತೆಗೆ ಒಂದೇ ರಿದಮ್ ಸುತ್ತಿ ಸುತ್ತಿ ಬರೋ ಹಾಡಲ್ಲಿ ಸಾಫ್ಟ್‌ವೇರಿಗೇ ಕನ್‌ಫ್ಯೂಸ್ ಆಗಿ ಒಂದು ಸುತ್ತು ಹಿಂದಕ್ಕೆ ಹೋಗಿ ಕೂತಿತ್ತು.

ಸರಿ, ಊಹೆ ಸಾಕು ಅಳತೆ ತೆಗಿ ಅಂದೆ. ಕ್ಲಾಪ್ ಹೊಡೆದಿರ್ಲಿಲ್ಲ ಪುಣ್ಯಾತ್ಮ, ಆದ್ರೆ ಸ್ಟೇಜ್ ಶೋನಲ್ಲಿ ಕ್ಲಾಪಿಗಿಂತ ಒಳ್ಳೇದು ಒಂದಿರತ್ತೆ, ಕತ್ತಲಿಂದ ಲೈಟ್ ಆನ್ ಆಗೋ ಫ್ರೇಮು. ಎಲ್ಲ ಕ್ಯಾಮೆರಾಗೂ ಕಾಣತ್ತೆ, ದೂರ ಹತ್ರ ಅನ್ನೋ ಲೆಕ್ಕ ಬೆಳಕಿಗೆ ಇಲ್ಲ. ಮೂರೂ ಕ್ಲಿಪ್ಪಲ್ಲಿ ಲೈಟ್ ಬಂದ ಮೊದಲ ಫ್ರೇಮ್ ಹುಡುಕಿ, ಎ ಕ್ಯಾಮೆರಾದಲ್ಲಿ ಎಲ್ಲಿ, ಬಿ ಕ್ಯಾಮೆರಾದಲ್ಲಿ ಎಲ್ಲಿ, ಮಧ್ಯ ಎಷ್ಟು ಫ್ರೇಮು ಅಂತ ಬರ್ಕೊಂಡ್ವಿ. ಸೆಕೆಂಡಲ್ಲಿ ಬೇಡ, ಫ್ರೇಮಲ್ಲೇ ಬರಿ ಅಂತ ಹಠ ಮಾಡಿದೆ.

ಮೊದಲ ಸಾಫ್ಟ್‌ವೇರಲ್ಲಿ ಬಿ ಬೇಗ ಬರ್ತಿದ್ದಿದ್ದು: 108 ಫ್ರೇಮ್, 180 ಫ್ರೇಮ್, 253 ಫ್ರೇಮ್.
ಎರಡನೇ ಸಾಫ್ಟ್‌ವೇರಲ್ಲಿ ಬಿ ತಡವಾಗಿ ಬರ್ತಿದ್ದಿದ್ದು: 1890, 1890, 1889.

108 ನೋಡಿದ ತಕ್ಷಣ ನಂಗೆ ನಗು ಬಂತು. ಮೂರೂವರೆ ಸೆಕೆಂಡು ಅಂತ ಹೇಳ್ತಿದ್ದಾಗ ಹೊಳೆದಿರ್ಲಿಲ್ಲ, 3.6 ಸೆಕೆಂಡಿಗೂ 108 ಫ್ರೇಮಿಗೂ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ, ಆದ್ರೆ 108 ಅನ್ನೋದು ಡ್ರಾಪ್ ಫ್ರೇಮಿನ ಬೆರಳಚ್ಚು.

ಡ್ರಾಪ್ ಫ್ರೇಮ್ ಗೊತ್ತಿಲ್ಲದವ್ರಿಗೆ: 1953ರಲ್ಲಿ ಅಮೆರಿಕದಲ್ಲಿ ಕಲರ್ ಟಿವಿ ಸ್ಟ್ಯಾಂಡರ್ಡ್ ಮಾಡುವಾಗ ಕಲರ್ ಸಿಗ್ನಲ್ಲು ಸೌಂಡ್ ಸಿಗ್ನಲ್ ಜೊತೆ ಸೇರಿ ಪರದೆ ಮೇಲೆ ಗಲಾಟೆ ಮಾಡ್ಬಾರ್ದು ಅಂತ ಸೆಕೆಂಡಿಗೆ 30 ಇದ್ದ ಫ್ರೇಮನ್ನ ಒಂದು ಚೂರು ಇಳಿಸಿದ್ರು, 30000ನ 1001ರಿಂದ ಭಾಗಿಸಿದ್ರೆ ಎಷ್ಟೋ ಅಷ್ಟು, ಅದೇ 29.97. ಟೈಮ್‌ಕೋಡ್ ಎಣಿಸೋದು ಮಾತ್ರ ಸೆಕೆಂಡಿಗೆ 30 ನಂಬರ್ ಲೆಕ್ಕದಲ್ಲೇ, 29.97 ಅಂತ ಮುಕ್ಕಾಲು ನಂಬರ್ ಎಣಿಸೋಕೆ ಆಗಲ್ಲವಲ್ಲ. ಹಾಗಾಗಿ ಟೈಮ್‌ಕೋಡಲ್ಲಿ ಒಂದು ಗಂಟೆ ಆಗೋ ಹೊತ್ತಿಗೆ ಗೋಡೆ ಗಡಿಯಾರದಲ್ಲಿ ಒಂದು ಗಂಟೆ 3.6 ಸೆಕೆಂಡ್ ಆಗಿರತ್ತೆ. ಇದನ್ನ ಸರಿದೂಗಿಸೋಕೆ ಪ್ರತಿ ನಿಮಿಷದ ಶುರುವಲ್ಲಿ 00, 01 ಅನ್ನೋ ಎರಡು ನಂಬರ್ ಹಾರಿಸ್ತಾರೆ, ಹತ್ತರಿಂದ ಭಾಗ ಆಗೋ ನಿಮಿಷ ಬಂದ್ರೆ ಹಾರಿಸಲ್ಲ. ಗಂಟೇಲಿ ಹಾಗೆ ಹಾರಿಸೋ ನಿಮಿಷ 54, ಎರಡೆರಡು, 108.

ಇಲ್ಲಿ ಎಲ್ಲರೂ ಎಡವೋದು ಹೆಸರಲ್ಲೇ. ಡ್ರಾಪ್ ಫ್ರೇಮ್ ಅಂದ್ರೆ ಫ್ರೇಮ್ ಎಸೀತಾರೆ ಅನ್ಕೋತಾರೆ. ಒಂದು ಫ್ರೇಮೂ ಎಸೆಯಲ್ಲ, ನಂಬರ್ ಹಾರಿಸ್ತಾರೆ ಅಷ್ಟೇ. ಎಷ್ಟೋ ಥಿಯೇಟರಲ್ಲಿ ಎಚ್ ಸಾಲು ಆದ್ಮೇಲೆ ಜೆ ಸಾಲು ಬರತ್ತೆ ನೋಡಿ, ಐ ಅನ್ನೋದು ಒಂದು ಅಂತ ಓದ್ಬಿಡ್ತಾರೆ ಅಂತ ಆ ಅಕ್ಷರ ಬಿಟ್ಟಿರ್ತಾರೆ, ಹಾಗಂತ ಮಧ್ಯ ಒಂದು ಸಾಲು ಸೀಟು ಕಿತ್ತಾಕಿರಲ್ಲ. ಈಗ ಒಂದು ಥಿಯೇಟರಲ್ಲಿ ಐ ಇದೆ, ಪಕ್ಕದ್ದರಲ್ಲಿ ಐ ಇಲ್ಲ ಅನ್ಕೊಳಿ, "ಕೆ ಸಾಲಲ್ಲಿ ಸಿಗೋಣ" ಅಂದ್ರೆ ಸ್ಕ್ರೀನಿಂದ ಲೆಕ್ಕ ಹಾಕಿದ್ರೆ ಎರಡೂ ಕಡೆ ಬೇರೆ ಬೇರೆ ಜಾಗ. ನಮ್ಮ ಕೇಸಲ್ಲಿ ಆಗಿದ್ದು ಇದೇ. ಎ ಕ್ಯಾಮೆರಾ ಡ್ರಾಪ್ ಫ್ರೇಮಲ್ಲಿ ಎಣಿಸ್ತಿತ್ತು, ಬಿ ಕ್ಯಾಮೆರಾ ನಾನ್ ಡ್ರಾಪಲ್ಲಿ, ಅಂದ್ರೆ ಯಾವ ನಂಬರೂ ಹಾರಿಸದೆ. 5:30ಕ್ಕೆ ಎರಡಕ್ಕೂ ಒಂದೇ ನಂಬರ್ ಕೊಟ್ಟಾಗ ಎರಡೂ ಡಿಸ್‌ಪ್ಲೇಲಿ ಒಂದೇ ಕಾಣಿಸ್ತು, ಇವನು ಖುಷಿಯಾಗಿ ಕೇಬಲ್ ಕಿತ್ತ. 5:31ಕ್ಕೇ ಎರಡು ನಂಬರ್ ವ್ಯತ್ಯಾಸ ಶುರು.

6:30ಕ್ಕೆ ಒಂದು ಗಂಟೆ, 108. 7:10ಕ್ಕೆ ನೂರು ನಿಮಿಷ, ಹತ್ತು ನಿಮಿಷಕ್ಕೆ 18ರ ಲೆಕ್ಕದಲ್ಲಿ 180. 7:50ಕ್ಕೆ 140 ನಿಮಿಷ, 252. ಅಳತೇಲಿ ಬಂದಿದ್ದು 253, ಆ ಒಂದರ ವಿಷಯ ಆಮೇಲೆ ಹೇಳ್ತೀನಿ.

ಮೊದಲ ಸಾಫ್ಟ್‌ವೇರ್ ನಂಬರನ್ನ ಹೆಸರಿನ ಥರ ನೋಡ್ತಿತ್ತು, ಈ ಲೇಬಲ್ಲೂ ಆ ಲೇಬಲ್ಲೂ ಒಂದೇನಾ, ಹಾಗಿದ್ರೆ ಒಂದೇ ಜಾಗ. ಅದಕ್ಕೇ ಕ್ಲಿಪ್ಪಿಂದ ಕ್ಲಿಪ್ಪಿಗೆ ಅಂತರ ಬೆಳೀತಿತ್ತು. ಎರಡನೇದು ಹಾಗಲ್ಲ, ಅದು ಪ್ರತಿ ಟೈಮ್‌ಕೋಡನ್ನೂ ಮಧ್ಯರಾತ್ರಿಯಿಂದ ಎಷ್ಟನೇ ಫ್ರೇಮು ಅಂತ ಫ್ರೇಮ್ ನಂಬರಿಗೆ ತಿರುಗಿಸಿ ಆಮೇಲೆ ಹೋಲಿಸ್ತಿತ್ತು. ಇದು ನಿಜವಾಗ್ಲೂ ಬುದ್ಧಿವಂತ ಕೆಲಸ, ಆದ್ರೆ ಜಾಮ್ ಮಾಡಿದ ಕ್ಷಣದಲ್ಲೇ ಬಿ ಕ್ಯಾಮೆರಾಗೆ ಸುಳ್ಳು ಹೇಳಿಯಾಗಿತ್ತು. ಲೆಕ್ಕ ನೋಡಿ. ಡ್ರಾಪಲ್ಲಿ ಗಂಟೆಗೆ 107892 ಫ್ರೇಮ್, ನಾನ್ ಡ್ರಾಪಲ್ಲಿ 108000. 17:30:00 ಅನ್ನೋ ಲೇಬಲ್ ಡ್ರಾಪಲ್ಲಿ 1888110ನೇ ಫ್ರೇಮು, ನಾನ್ ಡ್ರಾಪಲ್ಲಿ 1890000ನೇ ಫ್ರೇಮು. ವ್ಯತ್ಯಾಸ 1890. ಅಲ್ಲಿಂದ ಮುಂದೆ ಎರಡೂ ಕ್ಯಾಮೆರಾ ಅಸಲಿ ಫ್ರೇಮನ್ನ ಒಂದೇ ವೇಗದಲ್ಲಿ ಎಣಿಸೋದ್ರಿಂದ ಈ 1890 ಹಾಗೇ ಉಳ್ಕೊಳತ್ತೆ, ಎಷ್ಟೊತ್ತಾದ್ರೂ ಬೆಳೆಯಲ್ಲ.

ಇನ್ನೊಂದು ಮಜಾ ಏನಂದ್ರೆ 1890ನ 108ರಿಂದ ಭಾಗಿಸಿ, 17.5 ಬರತ್ತೆ. ಹದಿನೇಳೂವರೆ ಗಂಟೆ, ಅಂದ್ರೆ ಸಂಜೆ 5:30. ಜಾಮ್ ಎಷ್ಟೊತ್ತಿಗೆ ಮಾಡಿದ್ದು ಅನ್ನೋದು ಆ ತಪ್ಪಿನ ಒಳಗೇ ಬರೆದಿತ್ತು. "ನೀನು ಬಿ ಕ್ಯಾಮೆರಾಗೆ ಕೇಬಲ್ ಹಾಕಿದ್ದು ಸರಿಯಾಗಿ ಐದೂವರೆಗೆ ಅಲ್ವೇನೋ" ಅಂದಾಗ ಅವನು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಇಷ್ಟೆಲ್ಲಾ ಲೆಕ್ಕ ಹಾಕೋ ಮುಂಚೆ ಕಣ್ಣಿಗೆ ಕಾಣೋ ಗುರುತು ಒಂದಿತ್ತು, ಇಬ್ಬರೂ ನೋಡಿರ್ಲಿಲ್ಲ. ಎ ಕ್ಯಾಮೆರಾ ಕ್ಲಿಪ್ಪಲ್ಲಿ ಟೈಮ್‌ಕೋಡ್ 18:29:40;00 ಅಂತ ಇದ್ರೆ ಬಿ ಕ್ಯಾಮೆರಾದ್ದು 18:29:36:12. ಫ್ರೇಮ್ ಸಂಖ್ಯೆ ಮುಂದೆ ಒಂದರಲ್ಲಿ ಸೆಮಿಕೋಲನ್, ಇನ್ನೊಂದರಲ್ಲಿ ಕೋಲನ್. ಸೆಮಿಕೋಲನ್ ಇದ್ರೆ ಡ್ರಾಪು. ಕೆಲವು ಕಡೆ ಸೆಮಿಕೋಲನ್ ಬದಲು ಬರೀ ಚುಕ್ಕೆ ಇರತ್ತೆ. ಆ ಒಂದು ಬಾಲ ಚಿಕ್ಕ ಅಕ್ಷರದಲ್ಲಿ ಯಾರ ಕಣ್ಣಿಗೆ ಬೀಳತ್ತೆ ಹೇಳಿ.

ರಿಪೇರಿ ಮಾಡೋಕೆ ಎರಡು ದಾರಿ. ಬರೀ ಎರಡನೇ ಸಾಫ್ಟ್‌ವೇರಲ್ಲೇ ಕೂತು ಬಿ ಕ್ಲಿಪ್ಪೆಲ್ಲಾ 1890 ಫ್ರೇಮ್ ಮುಂದಕ್ಕೆ ಎಳೆದ್ರೂ ಆಗ್ತಿತ್ತು. ಆದ್ರೆ ಇವನಿಗೆ ಮೊದಲ ಸಾಫ್ಟ್‌ವೇರಲ್ಲೇ ಎಡಿಟ್ ಅಭ್ಯಾಸ, ಅಲ್ದೆ ನಾಳೆ ಇನ್ನೊಬ್ಬರಿಗೆ ಪ್ರಾಜೆಕ್ಟ್ ಕೊಟ್ರೆ ಮತ್ತೆ ಅದೇ ಕಥೆ. ಹಾಗಾಗಿ ಬಿ ಕ್ಲಿಪ್‌ಗಳ ಶುರು ಟೈಮ್‌ಕೋಡನ್ನೇ ತಿದ್ದೋಣ ಅಂತ ತೀರ್ಮಾನ.

ಮೊದಲ ಕ್ಲಿಪ್ ಒಂದನ್ನ ಪೂರ್ತಿ ತೋರಿಸ್ತೀನಿ. 18:29:36:12 ನಾನ್ ಡ್ರಾಪು. 18 ಗಂಟೆಗೆ 64800 ಸೆಕೆಂಡ್, 29 ನಿಮಿಷಕ್ಕೆ 1740, ಮೇಲೆ 36, ಒಟ್ಟು 66576. ಇದಕ್ಕೆ 30 ಗುಣಿಸಿ 12 ಸೇರಿಸಿದ್ರೆ 1997292. ಇದ್ರಲ್ಲಿ 1890 ಕಳೀರಿ, 1995402. ಇದು ಅಸಲಿ ಫ್ರೇಮ್ ನಂಬರು, ಇದನ್ನ ಈಗ ಡ್ರಾಪ್ ಲೇಬಲ್ ಮಾಡ್ಬೇಕು. ಡ್ರಾಪಲ್ಲಿ ಹತ್ತು ನಿಮಿಷದ ಒಂದು ಕಂತಿಗೆ 17982 ಫ್ರೇಮ್, ಮೊದಲ ನಿಮಿಷ 1800, ಉಳಿದ ಒಂಬತ್ತು ನಿಮಿಷ 1798 ಒಂದೊಂದು. 1995402ರಲ್ಲಿ 110 ಪೂರ್ತಿ ಕಂತು ಹೋಗಿ 17382 ಉಳಿಯತ್ತೆ. 110 ಕಂತಿಗೆ 18ರಂತೆ 1980 ನಂಬರ್ ಹಾರಿದೆ, ಉಳಿದಿದ್ದರಲ್ಲಿ ಒಂಬತ್ತು ನಿಮಿಷ ದಾಟಿರೋದ್ರಿಂದ ಇನ್ನೂ 18. ಹಾರಿಸಿದ್ದನ್ನೆಲ್ಲ ವಾಪಸ್ ಕೂಡಿಸಿ, 1997400. 30ರಿಂದ ಭಾಗಿಸಿದ್ರೆ 66580 ಸೆಕೆಂಡ್, ಫ್ರೇಮ್ ಸೊನ್ನೆ. ಅಂದ್ರೆ 18:29:40;00. ಎ ಕ್ಯಾಮೆರಾ ಆ ಹೊತ್ತಿಗೆ ಏನು ಹೇಳ್ತಿತ್ತೋ ಅದೇ. ಉಳಿದೆರಡು ಕ್ಲಿಪ್ಪಿಗೆ ಸ್ಪ್ರೆಡ್‌ಶೀಟಲ್ಲಿ ಫಾರ್ಮುಲಾ ಹಾಕ್ಕೊಂಡ್ವಿ, ಕೈಲಿ ಎರಡನೇ ಸಲ ಮಾಡೋ ತಾಳ್ಮೆ ಇಬ್ಬರಿಗೂ ಇರ್ಲಿಲ್ಲ.

ತಿದ್ದಿದ್ದು ಎಫ್‌ಎಫ್‌ಎಂಪೆಗ್ ಅನ್ನೋ, ಕಮಾಂಡ್ ಟೈಪ್ ಮಾಡಿ ನಡೆಸೋ ವೀಡಿಯೋ ಟೂಲಲ್ಲಿ, ಕಾಪಿ ತಗೊಂಡು, ಸ್ಟ್ರೀಮ್ ಕಾಪಿ ಮೋಡಲ್ಲಿ, ಟೈಮ್‌ಕೋಡ್ ಆಪ್ಶನ್‌ಗೆ ಹೊಸ ನಂಬರ್ ಕೊಟ್ಟು. ಚಿತ್ರನ ಮತ್ತೆ ಎನ್‌ಕೋಡ್ ಮಾಡಲ್ಲ ಹಾಗಾಗಿ ಕ್ವಾಲಿಟಿ ಹೋಗೋ ಪ್ರಶ್ನೆ ಇಲ್ಲ. ಇಲ್ಲೂ ಆ ಸೆಮಿಕೋಲನ್ ಕಾಟ ಕೊಡ್ತು: ಟರ್ಮಿನಲ್‌ನಲ್ಲಿ ಸೆಮಿಕೋಲನ್ ಅಂದ್ರೆ ಕಮಾಂಡ್ ಮುಗೀತು ಅಂತ ಅರ್ಥ, ಕೋಟ್ಸ್ ಒಳಗೆ ಹಾಕದೆ ಟೈಪ್ ಮಾಡಿದ್ದಕ್ಕೆ ಅರ್ಧಕ್ಕೇ ಎರರ್ ಕೊಟ್ಟು ನಿಂತ್ಕೊಳ್ತು. ಇವನು ಸಿಟ್ಟಲ್ಲಿ ಕೋಲನ್ ಹಾಕಿ ಒತ್ತಿದ, ಎರರ್ ಬರ್ಲಿಲ್ಲ, ಫೈಲ್ ನೀಟಾಗಿ ನಾನ್ ಡ್ರಾಪ್ ಆಗಿ ಬಂತು. ಮತ್ತೆ ಮಾಡಿದ್ವಿ.

ಆಡಿಯೋ ಕಡೆ ತೊಂದ್ರೆ ಇರ್ಲಿಲ್ಲ. ರೆಕಾರ್ಡರಿನ ಬ್ರಾಡ್‌ಕಾಸ್ಟ್ ವೇವ್ ಫೈಲಲ್ಲಿ ಟೈಮ್‌ಕೋಡ್ ಅಂತ ನೇರವಾಗಿ ಬರೆದಿರಲ್ಲ, ಮಧ್ಯರಾತ್ರಿಯಿಂದ ಎಷ್ಟನೇ ಸ್ಯಾಂಪಲ್ (ಶಬ್ದದ ಒಂದೊಂದು ಅಳತೆ) ಅಂತ ಇರತ್ತೆ, ಸೆಕೆಂಡಿಗೆ 48000 ಸ್ಯಾಂಪಲ್ ರೇಟಲ್ಲಿ 29.97ರ ಒಂದು ಫ್ರೇಮಿಗೆ 1601.6 ಸ್ಯಾಂಪಲ್, ಐದು ಫ್ರೇಮಿಗೆ ಸರಿಯಾಗಿ 8008. ರೆಕಾರ್ಡರ್ ಡ್ರಾಪಲ್ಲೇ ಇದ್ದಿದ್ರಿಂದ ಎ ಕ್ಯಾಮೆರಾ ಜೊತೆ ಒಪ್ಪವಾಗಿ ಕೂತಿತ್ತು.

ಸಿ ಕ್ಯಾಮೆರಾ ಇದ್ದಿದ್ರಲ್ಲೇ ಸುಲಭ ಆಯ್ತು ಅಂದ್ರೆ ನಂಬ್ಬೇಕು. ಆ ಆಡಿಯೋ ಟ್ರ್ಯಾಕ್ ಪ್ಲೇ ಮಾಡಿದ್ರೆ ಕಿವಿ ಹರಿದು ಹೋಗೋ ಕಿರ್ರ್ ಅನ್ನೋ ಸದ್ದು, ಅದೇ ಎಲ್‌ಟಿಸಿ, ಶಬ್ದದ ರೂಪದ ಟೈಮ್‌ಕೋಡು, ಒಂದೊಂದು ಫ್ರೇಮಿಗೆ 80 ಬಿಟ್, ಅದರಲ್ಲಿ ಒಂದು ಬಿಟ್ ಡ್ರಾಪಾ ಅಲ್ವಾ ಅಂತ ಹೇಳೋಕೇ ಇದೆ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಆಡಿಯೋ ಟ್ರ್ಯಾಕಿಂದ ಟೈಮ್‌ಕೋಡ್ ಅಪ್‌ಡೇಟ್ ಮಾಡೋ ಆಪ್ಶನ್ ಇದೆ, ಒತ್ತಿದ್ವಿ, 00:00:00:00 ಅಂತಿದ್ದ ಕ್ಲಿಪ್ಪೆಲ್ಲಾ ಸರಿಯಾದ ಹೊತ್ತಿಗೆ ಬಂದು ಕೂತ್ವು. ಲೈಟ್ ಫ್ರೇಮ್ ಹೋಲಿಸಿದ್ರೆ ಎಲ್ಲಾ ಕ್ಲಿಪ್ಪೂ ಒಂದೇ ಸಮ ಒಂದು ಫ್ರೇಮ್ ಆಚೀಚೆ, ಒಟ್ಟಿಗೆ ಸೆಲೆಕ್ಟ್ ಮಾಡಿ ಒಂದು ಫ್ರೇಮ್ ಸರಿಸಿದ್ವಿ ಮುಗೀತು. ಸಾಕೆಟ್ಟೇ ಇಲ್ಲದ ಕ್ಯಾಮೆರಾ ಸರಿಯಾಗಿದ್ದು, ದುಬಾರಿ ಕ್ಯಾಮೆರಾ ಕೈ ಕೊಟ್ಟಿದ್ದು ಯಾಕಂದ್ರೆ ಸಿ ಕ್ಯಾಮೆರಾಗೆ ಬಾಕ್ಸ್ ಕೊನೇವರೆಗೂ ಕಟ್ಟೇ ಇತ್ತು, ಎಣಿಸೋ ಕೆಲಸ ಕ್ಯಾಮೆರಾಗೆ ಇರ್ಲೇ ಇಲ್ಲ.

ಈಗ ಆ 253. ತಿದ್ದಿದ ಮೇಲೆ ಬಿ ಕ್ಯಾಮೆರಾದ ಮೊದಲೆರಡು ಕ್ಲಿಪ್ ಫ್ರೇಮ್ ಟು ಫ್ರೇಮ್ ಸರಿ, ಮೂರನೇದು ಒಂದು ಫ್ರೇಮ್ ಬೇಗ. ಲೈಟ್ ಫ್ರೇಮಿನ ಅರ್ಧದಲ್ಲಿ ಬಂದಿರ್ಬಹುದು, ಮೂರು ಕ್ಯಾಮೆರಾನೂ ಜೆನ್‌ಲಾಕ್ ಆಗಿರ್ಲಿಲ್ಲ, ಅಂದ್ರೆ ಶಟರ್ ತೆಗೆಯೋ ಕ್ಷಣ ಒಂದೇ ಅಲ್ಲ, ಹಾಗಾಗಿ ಒಂದು ಫ್ರೇಮಿನೊಳಗಿನ ಹೆಚ್ಚುಕಮ್ಮಿ ಯಾವ ಟೈಮ್‌ಕೋಡೂ ಸರಿ ಮಾಡಲ್ಲ. ಆದ್ರೆ ಅದೇ ಕ್ಲಿಪ್ ಕೊನೇಲಿ ಲೈಟ್ ಆಫ್ ಆಗೋ ಜಾಗದಲ್ಲೂ ಒಂದು ಫ್ರೇಮ್ ಬೇಗ, ಮಧ್ಯ ಇನ್ನೊಂದು ಲೈಟ್ ಕ್ಯೂನಲ್ಲೂ ಅಷ್ಟೇ. ಇದು ಮಾತ್ರ ನಿಜವಾದ ಡ್ರಿಫ್ಟು, ಕ್ರಿಸ್ಟಲ್ ಎರಡು ಗಂಟೆ ಚಿಲ್ಲರೇಲಿ ಒಂದು ಫ್ರೇಮ್ ಜಾರಿದೆ. ಗೆಳೆಯ ಮೊದಲ ದಿನದಿಂದ ಡ್ರಿಫ್ಟ್ ಡ್ರಿಫ್ಟ್ ಅಂತಿದ್ನಲ್ಲ, 253ರಲ್ಲಿ ಒಂದು ಫ್ರೇಮಿನ ಮಟ್ಟಿಗೆ ಅವನು ಸರಿ. ಮಧ್ಯ ಬ್ರೇಕಲ್ಲಿ ಇನ್ನೊಂದು ಸಲ ಜಾಮ್ ಮಾಡಿದ್ರೆ ಅದೂ ಇರ್ತಿರ್ಲಿಲ್ಲ.

ಒಂದು ಮೊಬೈಲ್ ಕ್ಲಿಪ್ಪೂ ಇತ್ತು, ಸೈಡಲ್ಲಿ ನಿಂತು ಯಾರೋ ತೆಗೆದಿದ್ದು, ಹದಿನಾಲ್ಕು ಸೆಕೆಂಡ್ ಬೇಕಿತ್ತು ಅಷ್ಟೇ. ವೇರಿಯಬಲ್ ಫ್ರೇಮ್ ರೇಟು, ಒಂದು ಫ್ರೇಮಿಂದ ಇನ್ನೊಂದಕ್ಕೆ ಸಮ ಅಂತರನೇ ಇಲ್ಲದ ಕಡೆ ಫ್ರೇಮ್ ನಂಬರ್ ಹಿಡ್ಕೊಂಡು ಏನ್ ಮಾಡೋದು. 29.97ರ ಕಾನ್ಸ್ಟಂಟ್ ರೇಟಿಗೆ ಕನ್ವರ್ಟ್ ಮಾಡಿ ಲೈಟ್ ನೋಡಿ ಕಣ್ಣಳತೇಲಿ ಕೂರಿಸಿದ್ವಿ.

ಬಿ ಕ್ಯಾಮೆರಾ ಯಾಕೆ ನಾನ್ ಡ್ರಾಪಲ್ಲಿತ್ತು ಅನ್ನೋದು ಕೊನೆಗೆ ತಿಳೀತು. ಯಾವತ್ತೂ ಡ್ರಾಪಲ್ಲೇ ಇಡ್ತೀನಿ ಅಂತ ಆಣೆ ಮಾಡ್ತಿದ್ದ. ಮಾರನೇ ದಿನ ಕ್ಯಾಮೆರಾ ತೆಗೆದು ಟೈಮ್‌ಕೋಡ್ ಮೆನು ಫೋಟೋ ಕಳಿಸ್ದ, ನಾನ್ ಡ್ರಾಪ್ ಅಂತಲೇ ಇತ್ತು, ಕೆಳಗೆ ಒಂದು ಮೆಸೇಜು: "ಹೋದ ವಾರ ಮೆನು ಹ್ಯಾಂಗ್ ಆಗ್ತಿತ್ತು ಅಂತ ಫ್ಯಾಕ್ಟರಿ ರೀಸೆಟ್ ಮಾಡಿದ್ದೆ ಕಣೋ."